‘ಅಂತ’: ಕನ್ವರ್‌ಲಾಲನನ್ನು ಮರೆಯದ ಪಶ್ಚಿಮ ಬೆಂಗಳೂರು

‘ಅಂತ’ 1981ರಲ್ಲಿ ತೆರೆಕಂಡ ಕನ್ನಡ ಸಾಹಸಪ್ರಧಾನ ಚಲನಚಿತ್ರ. ಎಚ್.ಕೆ. ಅನಂತರಾವ್ ಅವರ ಅದೇ ಹೆಸರಿನ ಕಾದಂಬರಿಯನ್ನು ಆಧರಿಸಿದ ಈ ಚಿತ್ರದ ನಿರ್ದೇಶಕರು ಎಸ್.ವಿ. ರಾಜೇಂದ್ರಸಿಂಗ್ ಬಾಬು. ಪ್ರಾಮಾಣಿಕ ಪೊಲೀಸ್ ಅಧಿಕಾರಿ ಸುಶೀಲ್ ಕುಮಾರ್ ಹಾಗೂ ಅವನನ್ನೇ ಹೋಲುವ ಪಾತಕಿ ಕನ್ವರ್‌ಲಾಲ್ ಎಂಬ ಎರಡು ಪಾತ್ರಗಳಲ್ಲಿ ಅಂಬರೀಶ್ ಅಭಿನಯಿಸಿದ್ದಾರೆ. ಲಕ್ಷ್ಮಿ, ಜಯಮಾಲಾ, ಪಂಡರಿಬಾಯಿ, ವಜ್ರಮುನಿ, ಸುಂದರಕೃಷ್ಣ ಅರಸ್, ಪ್ರಭಾಕರ್ ಮೊದಲಾದವರು ತಾರಾಗಣದಲ್ಲಿದ್ದಾರೆ. ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಕಾನೂನು ಕೈಕೊಟ್ಟಾಗ ಕಾನೂನನ್ನು ಕೈಗೆತ್ತಿಕೊಳ್ಳುವ ನಾಯಕನ ಕಥೆಗಳು ಕನ್ನಡದಲ್ಲಿ ಹಲವಾರು ಬಂದಿವೆ. ಆದರೆ ಹೆಸರು ಹೇಳಿದೊಡನೆ ಮೂರು ತಲೆಮಾರಿನವರು ಒಂದೇ ಮಾತನ್ನು ನೆನಪಿಸಿಕೊಳ್ಳುವಂತೆ ಮಾಡುವ ಚಿತ್ರ ಇದೊಂದೇ ಎಂದರೆ ಅತಿಶಯೋಕ್ತಿಯಾಗಲಾರದು.

ಆ ಮಾತು ಯಾವುದೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತನ್ನ ಹೆಸರನ್ನು ಅರ್ಧಕ್ಕೆ ಕರೆದವನನ್ನು ಗದರಿ, ಪೂರ್ತಿ ಹೆಸರು ಹೇಳೆಂದು ಹಿಂದಿಯಲ್ಲಿ ಆಜ್ಞಾಪಿಸುವ ಮಾತು ಅದು. ಕನ್ನಡ ಚಿತ್ರವೊಂದರ ಅತ್ಯಂತ ಜನಪ್ರಿಯ ಸಂಭಾಷಣೆ ಹಿಂದಿಯಲ್ಲಿರುವುದು, ಅದನ್ನು ಕನ್ನಡ ರಾಜ್ಯೋತ್ಸವದ ವೇದಿಕೆಗಳಲ್ಲೂ ಜನ ಚಪ್ಪಾಳೆ ತಟ್ಟಿ ಕೇಳಿಸಿಕೊಳ್ಳುವುದು ಒಂದು ವಿನೋದ. ಅದಕ್ಕಿಂತ ಗಮನಾರ್ಹವಾದ ಸಂಗತಿ ಇನ್ನೊಂದಿದೆ. ಆ ಮಾತಿನ ಗತ್ತು ಚಿತ್ರದ ನಾಯಕನದಲ್ಲ, ಖಳನದು. ಅನ್ಯಾಯಕ್ಕೊಳಗಾಗಿ ಸಿಡಿದೇಳುವವನು ಸುಶೀಲ್ ಕುಮಾರ್. ಜನ ಮನೆಗೆ ಕರೆದೊಯ್ದದ್ದು ಮಾತ್ರ ಕನ್ವರ್‌ಲಾಲನನ್ನು.

ಕಥಾವಸ್ತು

ಕಥೆಯ ಎಳೆ ಸರಳ. ಕನ್ವರ್‌ಲಾಲ್ ಎಂಬ ಪಾತಕಿಗೂ ಇನ್ಸ್‌ಪೆಕ್ಟರ್ ಸುಶೀಲ್ ಕುಮಾರನಿಗೂ ಮುಖದಲ್ಲಿ ಹೋಲಿಕೆಯಿದೆ. ಇದನ್ನು ಬಳಸಿಕೊಂಡು ಸುಶೀಲ್, ಕನ್ವರ್‌ಲಾಲನ ವೇಷದಲ್ಲಿ ಪಾತಕಿಗಳ ಕೂಟವನ್ನು ಹೊಕ್ಕು, ಅದರ ಹಿಂದಿರುವವರು ಸಮಾಜದ ಗಣ್ಯರೇ ಎಂಬುದನ್ನು ಕಂಡುಕೊಳ್ಳುತ್ತಾನೆ. ಗುಟ್ಟು ರಟ್ಟಾಗುತ್ತದೆ. ಸಿಕ್ಕಿಬಿದ್ದ ಸುಶೀಲನಿಗೆ ಚಿತ್ರಹಿಂಸೆ, ಅವನ ಕುಟುಂಬದ ನಾಶ, ಕೈಬಿಟ್ಟ ವ್ಯವಸ್ಥೆ. ಕೊನೆಗೆ ತಾನೇ ತೀರ್ಪುಗಾರನೂ ತೀರ್ಪನ್ನು ಜಾರಿಮಾಡುವವನೂ ಆಗಲು ಹೊರಡುತ್ತಾನೆ.

ಒಂದೇ ಮುಖದ ಇಬ್ಬರು, ಒಬ್ಬನ ಜಾಗದಲ್ಲಿ ಇನ್ನೊಬ್ಬ ಎಂಬ ತಂತ್ರ ಭಾರತೀಯ ಸಿನಿಮಾಗೆ ಹೊಸದಾಗಿರಲಿಲ್ಲ. ಸಾಮಾನ್ಯವಾಗಿ ಇಂಥ ಕಥೆಗಳಲ್ಲಿ ವೇಷ ಕಳಚಿದೊಡನೆ ಪೊಲೀಸ್ ಜೀಪುಗಳು ಬರುತ್ತವೆ, ಖಳರಿಗೆ ಕೋಳ ಬೀಳುತ್ತದೆ, ಎಲ್ಲರೂ ಸಾಲಾಗಿ ನಿಂತು ನಗುತ್ತಾರೆ. ‘ಅಂತ’ದಲ್ಲಿ ವೇಷ ಕಳಚಿದ ಮೇಲೆಯೇ ನಿಜವಾದ ಕಥೆ ಆರಂಭವಾಗುತ್ತದೆ, ಜೀಪುಗಳು ಬರುವುದೇ ಇಲ್ಲ. 1981ರ ಪ್ರೇಕ್ಷಕನನ್ನು ಬೆಚ್ಚಿಬೀಳಿಸಿದ್ದು ಇದೇ.

ಕಾದಂಬರಿ ಹಾಗೂ ಕಾಲ

ಎಪ್ಪತ್ತರ ದಶಕದ ಕನ್ನಡ ಚಿತ್ರರಂಗಕ್ಕೆ ಕಾದಂಬರಿಯೇ ಕಣಜವಾಗಿತ್ತು. ತ.ರಾ.ಸು., ತ್ರಿವೇಣಿ, ಟಿ.ಕೆ. ರಾಮರಾವ್ ಅವರ ಕೃತಿಗಳು ಒಂದರ ಹಿಂದೊಂದು ಚಿತ್ರಗಳಾಗುತ್ತಿದ್ದವು. ಹೀಗಾಗಿ ‘ಅಂತ’ ಕಾದಂಬರಿ ಆಧಾರಿತವೆಂಬುದು ಆ ದಿನಗಳಲ್ಲಿ ವಿಶೇಷವೇನೂ ಆಗಿರಲಿಲ್ಲ. ವಿಶೇಷವಿದ್ದದ್ದು ಆರಿಸಿಕೊಂಡ ಕಾದಂಬರಿಯ ಬಗೆಯಲ್ಲಿ. ಕೌಟುಂಬಿಕ ಕಥೆಗಳ ಸಾಲಿನ ನಡುವೆ ಅಧಿಕಾರ, ಹಣ, ಅಪರಾಧಗಳ ಕೂಡಾವಳಿಯ ಕಥೆಯೊಂದು ತೆರೆಗೆ ಬಂದಿತು.

ನಿರ್ದೇಶಕ ರಾಜೇಂದ್ರಸಿಂಗ್ ಬಾಬು ಚಿತ್ರರಂಗದಲ್ಲೇ ಹುಟ್ಟಿ ಬೆಳೆದವರು. ತಂದೆ ಡಿ. ಶಂಕರ್‌ಸಿಂಗ್ ಮೈಸೂರಿನ ಮಹಾತ್ಮ ಪಿಕ್ಚರ್ಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರು, ತಾಯಿ ನಟಿ ಪ್ರತಿಮಾದೇವಿ. 1975ರ ‘ನಾಗಕನ್ಯೆ’ಯಿಂದ ನಿರ್ದೇಶನಕ್ಕಿಳಿದ ಬಾಬು, ಮುಂದೆ ‘ಬಂಧನ’ (1984), ‘ಮುತ್ತಿನ ಹಾರ’ (1990) ಚಿತ್ರಗಳಿಂದ ಬೇರೆಯದೇ ಬಗೆಯ ಕೀರ್ತಿಗೆ ಪಾತ್ರರಾದರು. ಆ ಚಿತ್ರಗಳನ್ನು ಕಂಡು ಕಣ್ಣೀರಿಟ್ಟವರು ಅದೇ ಕೈ ‘ಅಂತ’ವನ್ನೂ ಮಾಡಿತೆಂದರೆ ಒಂದು ಕ್ಷಣ ನಂಬುವುದಿಲ್ಲ.

ಕಾಲವೂ ಹಾಗಿತ್ತು. ತುರ್ತುಪರಿಸ್ಥಿತಿ ಮುಗಿದು ನಾಲ್ಕು ವರ್ಷವಾಗಿತ್ತು. ಬಿಹಾರದ ಭಾಗಲ್ಪುರದಲ್ಲಿ ಪೊಲೀಸರು ವಿಚಾರಣಾಧೀನ ಬಂದಿಗಳ ಕಣ್ಣಿಗೆ ಆಮ್ಲ ಹಾಕಿದ ಪ್ರಕರಣ 1980ರ ಕೊನೆಯಲ್ಲಿ ಬಯಲಾಗಿತ್ತು. ಬೆಂಗಳೂರಿನಲ್ಲಿಯೇ 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು ದೀರ್ಘ ಮುಷ್ಕರ ಹೂಡಿ, ಬಹುಮಟ್ಟಿಗೆ ಬರಿಗೈಯಲ್ಲಿ ಕೆಲಸಕ್ಕೆ ಮರಳಿದ್ದರು. ಸರ್ಕಾರ, ಪೊಲೀಸು, ನ್ಯಾಯ ಎಂಬ ಮಾತುಗಳ ಮೇಲೆ ಸಾಮಾನ್ಯನಿಗಿದ್ದ ಭರವಸೆ ತೆಳುವಾಗಿದ್ದ ಹೊತ್ತಿನಲ್ಲಿ ಸುಶೀಲ್ ಕುಮಾರ್ ತೆರೆಯ ಮೇಲೆ ಬಂದ.

ಈ ಬಗೆಯ ಕಥೆಗಳು ಜಗತ್ತಿನ ಬೇರೆಡೆಯೂ ಆಗ ಚಾಲ್ತಿಯಲ್ಲಿದ್ದವು. ಅಮೆರಿಕದಲ್ಲಿ 1971ರ ‘ಡರ್ಟಿ ಹ್ಯಾರಿ’, 1974ರ ‘ಡೆತ್ ವಿಶ್’ ಚಿತ್ರಗಳು ಇದೇ ಜಾಡಿನವು. ‘ಡೆತ್ ವಿಶ್’ನ ಮೂಲ ಕಾದಂಬರಿಕಾರ ಬ್ರಯಾನ್ ಗಾರ್ಫೀಲ್ಡ್, ತಾನು ಎಚ್ಚರಿಕೆಯಾಗಿ ಬರೆದದ್ದನ್ನು ಚಿತ್ರ ಮೆರವಣಿಗೆ ಮಾಡಿತೆಂದು ಬೇಸರಗೊಂಡು, ಅದಕ್ಕೆ ಪ್ರಾಯಶ್ಚಿತ್ತವೆಂಬಂತೆ ಮುಂದಿನ ಕಾದಂಬರಿ ಬರೆದರು. ಹಿಂದಿಯಲ್ಲಿ 1973ರ ‘ಜಂಜೀರ್’ ಕೋಪಿಷ್ಠ ಇನ್ಸ್‌ಪೆಕ್ಟರನನ್ನು ಪರಿಚಯಿಸಿಯಾಗಿತ್ತು. ಕನ್ನಡದಲ್ಲಿ ಮಾತ್ರ ನಾಯಕನೆಂದರೆ ಅಂದಿಗೂ ರಾಜಕುಮಾರ್ ಹಾಕಿಕೊಟ್ಟ ಮೇಲ್ಪಂಕ್ತಿ. ಕೋಪ ಬಂದರೂ ಸೌಜನ್ಯ ಮೀರದ, ಮಾತಿನಲ್ಲಿ ಕೊಳಕಿಲ್ಲದ ನಾಯಕ. ಆ ಎರಕದಲ್ಲಿ ಕೂರದ ಒಬ್ಬ ನಟ ಬೇಕಾಗಿತ್ತು.

ಇಬ್ಬರು ಅಂಬರೀಶರು

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಮರನಾಥ್, ಪಿಟೀಲು ಚೌಡಯ್ಯನವರ ಮೊಮ್ಮಗ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದ ಜಲೀಲನಾಗಿ ಅಂಬರೀಶ್ ಎಂಬ ಹೆಸರಿನಲ್ಲಿ ತೆರೆಗೆ ಬಂದಾಗ ಅವರಿಗೆ ವಯಸ್ಸು ಇಪ್ಪತ್ತು. ಹೆಣ್ಣುಮಕ್ಕಳನ್ನು ಚುಡಾಯಿಸುವ ಪುಂಡನ ಪಾತ್ರ. ಮುಂದಿನ ಹಲವು ವರ್ಷ ಖಳ, ಉಪನಾಯಕ, ತಮ್ಮ, ಗೆಳೆಯ ಇತ್ಯಾದಿ ಪಾತ್ರಗಳಲ್ಲೇ ಸವೆದರು. ಪುಟ್ಟಣ್ಣನವರ ‘ಶುಭಮಂಗಳ’ (1975), ‘ಪಡುವಾರಳ್ಳಿ ಪಾಂಡವರು’ (1978) ಚಿತ್ರಗಳಲ್ಲಿ ಅವರೊಳಗಿನ ನಟ ಕಾಣಿಸಿಕೊಂಡಿದ್ದ. ‘ಅಂತ’ ಬಂದ ವರ್ಷವೇ ‘ರಂಗನಾಯಕಿ’ಯೂ ಬಂದಿತು. ಒಂದೇ ವರ್ಷದಲ್ಲಿ ಎರಡು ತೀರ ಬೇರೆ ಬೇರೆ ಅಂಬರೀಶರನ್ನು ಕನ್ನಡಿಗರು ಕಂಡರು. ಅವರಲ್ಲಿ ತಾರೆಯಾದವನು ‘ಅಂತ’ದ ಅಂಬರೀಶ್. ‘ರೆಬೆಲ್ ಸ್ಟಾರ್’ ಎಂಬ ಬಿರುದಿನ ಬೇರು ಈ ಚಿತ್ರದಲ್ಲಿದೆ.

ಖಳಪಾತ್ರಗಳ ಒಂಬತ್ತು ವರ್ಷದ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂದಿತೆಂಬುದು ಈ ಲೇಖಕನ ಅನಿಸಿಕೆ. ಸುಶೀಲ್ ಕುಮಾರನಾಗಿ ಅಂಬರೀಶ್ ಕೊಂಚ ಬಿಗಿಯಾಗಿ ಕಾಣುತ್ತಾರೆ. ಕರ್ತವ್ಯನಿಷ್ಠೆಯ ಮಾತುಗಳನ್ನು ಪಾಠ ಒಪ್ಪಿಸಿದಂತೆ ಹೇಳುತ್ತಾರೆ, ಸಂಸಾರದ ದೃಶ್ಯಗಳಲ್ಲಿ ಲಕ್ಷ್ಮಿಯವರ ಸಹಜತೆಯ ಮುಂದೆ ಹಿಂದೆ ಬೀಳುತ್ತಾರೆ. ಕನ್ವರ್‌ಲಾಲನಾದೊಡನೆ ಭುಜ ಸಡಿಲವಾಗುತ್ತದೆ, ದನಿ ಇಳಿಯುತ್ತದೆ, ಕಣ್ಣಿಗೆ ಒಂದು ಬಗೆಯ ಸೋಮಾರಿ ಅಪಾಯ ಬರುತ್ತದೆ. ಇನ್ನೂ ಚೆಂದದ್ದೆಂದರೆ, ಕನ್ವರ್‌ಲಾಲನಂತೆ ನಟಿಸುತ್ತಿರುವ ಸುಶೀಲನಾಗಿ ಅವರು ತೋರುವ ಅಳುಕು. ಗತ್ತಿನ ಅಡಿಯಲ್ಲಿ ಹೆದರಿಕೆಯೊಂದು ಸುಳಿದು ಹೋಗುತ್ತದೆ. ಗಾಂಧಿ ಕ್ಲಾಸಿನ ಶಿಳ್ಳೆಯಲ್ಲಿ ಅದು ಕೇಳಿಸದೆ ಹೋಗಿರಬಹುದು. ಇಂದು ಮನೆಯಲ್ಲಿ ಒಬ್ಬರೇ ಕುಳಿತು ನೋಡಿದರೆ ಕಾಣುತ್ತದೆ.

ದೋಷಗಳು

ಚಿತ್ರವನ್ನು ಪ್ರೀತಿಸುವವರು ಈ ಭಾಗವನ್ನು ಹಾರಿಸಿಬಿಡುವ ರೂಢಿಯಿದೆ. ಅದು ಸರಿಯಲ್ಲ.

ಮೊದಲನೆಯದು ಹಿಂಸೆ. ಉಗುರು ಕೀಳುವ ದೃಶ್ಯ, ಗರ್ಭಿಣಿಯ ಮೇಲಿನ ದೌರ್ಜನ್ಯದ ದೃಶ್ಯ ಅಂದು ಹಲವರನ್ನು ಚಿತ್ರಮಂದಿರದಿಂದ ಎದ್ದು ಹೋಗುವಂತೆ ಮಾಡಿದ್ದರೆ ಆಶ್ಚರ್ಯವಿಲ್ಲ. ಹಿಂಸೆಯನ್ನು ತೋರಿಸಿದ್ದು ತಪ್ಪೆಂದು ಹೇಳುತ್ತಿಲ್ಲ. ಖಳರ ಕ್ರೌರ್ಯ ತಿಳಿಯದಿದ್ದರೆ ಸುಶೀಲನ ಕೋಪಕ್ಕೆ ತೂಕ ಬಾರದು. ಆದರೆ ತಿಳಿಸಲು ಬೇಕಾದದ್ದು ಮುಗಿದ ಮೇಲೂ ಕ್ಯಾಮೆರಾ ಅಲ್ಲಿಯೇ ನಿಲ್ಲುತ್ತದೆ. ನೋವನ್ನು ಕಾಣಿಸುವುದಕ್ಕೂ ನೋವನ್ನು ಪ್ರದರ್ಶನಕ್ಕಿಡುವುದಕ್ಕೂ ಇರುವ ಗೆರೆಯನ್ನು ಚಿತ್ರ ಒಂದಕ್ಕಿಂತ ಹೆಚ್ಚು ಸಲ ದಾಟುತ್ತದೆ.

ಎರಡನೆಯದು ಸ್ತ್ರೀಪಾತ್ರಗಳ ಗತಿ. ಲಕ್ಷ್ಮಿಯಂಥ ಸಮರ್ಥ ನಟಿಯನ್ನು ತಂದು, ಅವರ ಪಾತ್ರವನ್ನು ನಾಯಕನ ಕೋಪಕ್ಕೆ ಉರುವಲಾಗಿ ಬಳಸಲಾಗಿದೆ. ಪ್ರತೀಕಾರದ ಕಥೆಗಳಲ್ಲಿ ಹೆಣ್ಣು ಸಾಯುವುದು ಗಂಡಿಗೆ ಬಂದೂಕು ಕೊಡಿಸುವ ಸಲುವಾಗಿ. ಈ ದುರಭ್ಯಾಸ ‘ಅಂತ’ಕ್ಕೆ ಮೊದಲೂ ಇತ್ತು, ಅದರ ಯಶಸ್ಸಿನಿಂದ ಇನ್ನಷ್ಟು ಬೇರೂರಿತು. ಮುಂದಿನ ಹತ್ತು ವರ್ಷದ ಸಾಹಸಚಿತ್ರಗಳಲ್ಲಿ ತಂಗಿಯ ಪಾತ್ರ ಕಂಡೊಡನೆ ಅವಳಿಗೇನಾಗಲಿದೆಯೆಂದು ಪ್ರೇಕ್ಷಕನಿಗೆ ಮೊದಲೇ ತಿಳಿದಿರುತ್ತಿತ್ತು.

ಇನ್ನುಳಿದವು ಸಣ್ಣಪುಟ್ಟವು. ಕಥೆ ಬಿಗಿಯಾಗುವ ಹೊತ್ತಿಗೆ ಹಾಡು ಬಂದು ಕೂರುತ್ತದೆ (ಜಿ.ಕೆ. ವೆಂಕಟೇಶರ ಸಂಗೀತ ಚೆನ್ನಾಗಿರುವುದರಿಂದ ಕ್ಷಮಿಸಬಹುದು). ಗಾಯಗಳ ಮೇಕಪ್ಪು ದೃಶ್ಯದಿಂದ ದೃಶ್ಯಕ್ಕೆ ಬದಲಾಗುತ್ತದೆ. ವ್ಯವಸ್ಥೆಯನ್ನು ಕುರಿತ ಭಾಷಣಗಳು ಉದ್ದವಾದವು.

ಕತ್ತರಿ ಮತ್ತು ಕಾನೂನು

ಚಿತ್ರದ ಹಿಂಸೆ, ಹಾಗೂ ಅದಕ್ಕಿಂತ ಮಿಗಿಲಾಗಿ ಅಧಿಕಾರಸ್ಥರನ್ನು ಚಿತ್ರಿಸಿದ ರೀತಿ ವಿವಾದಕ್ಕೆ ಕಾರಣವಾದವು. ಅದೇ ವರ್ಷ ರಾಜೇಂದ್ರಸಿಂಗ್ ಬಾಬು ಅವರೇ ಹಿಂದಿಯಲ್ಲಿ ‘ಮೇರಿ ಆವಾಜ್ ಸುನೋ’ ಎಂಬ ಹೆಸರಿನಲ್ಲಿ ಈ ಕಥೆಯನ್ನು ನಿರ್ದೇಶಿಸಿದರು. ಜಿತೇಂದ್ರ ದ್ವಿಪಾತ್ರ ವಹಿಸಿದರು, ಹೇಮಾಮಾಲಿನಿ, ಪರ್ವೀನ್ ಬಾಬಿ ಜೊತೆಗಿದ್ದರು. ಸಂಭಾಷಣೆಗಾಗಿ ಕಾದರ್ ಖಾನ್ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದರು. ಸೆನ್ಸಾರ್ ಪ್ರಮಾಣಪತ್ರ ಪಡೆದು ಬಿಡುಗಡೆಯಾಗಿದ್ದ ಆ ಚಿತ್ರದ ಪ್ರದರ್ಶನಕ್ಕೆ ಕೇಂದ್ರ ಸರ್ಕಾರ ಕೆಲಕಾಲ ತಡೆಯೊಡ್ಡಿತು. ತಡೆ ತೆರವಾದ ಮೇಲೆ ಚಿತ್ರ ಇನ್ನಷ್ಟು ಓಡಿತು. ತೆಲುಗಿನಲ್ಲಿ ನಟ ಕೃಷ್ಣ ಅವರ ‘ಅಂತಂ ಕಾದಿದಿ ಆರಂಭಂ’ ಚಿತ್ರಕ್ಕೂ ಮೂಲ ಇದೇ.

ಸೆನ್ಸಾರ್ ಮಂಡಳಿ ಒಪ್ಪಿದ ಚಿತ್ರವನ್ನು ಸರ್ಕಾರ ಮತ್ತೆ ತಡೆಯಬಹುದೇ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಬಹಳ ತಡವಾಗಿ. ಅದೂ ಒಬ್ಬ ಕನ್ನಡಿಗನ ಮೂಲಕ. 1952ರ ಸಿನಿಮಾಟೋಗ್ರಾಫ್ ಕಾಯಿದೆಯ 6ನೇ ಕಲಮು ಮಂಡಳಿಯ ನಿರ್ಧಾರವನ್ನು ಮರುಪರಿಶೀಲಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತ್ತು. ‘ಮಾಡಿ ಮಡಿದವರು’ ಚಿತ್ರದ ನಿರ್ದೇಶಕ ಕೆ.ಎಂ. ಶಂಕರಪ್ಪ ಅದನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 1990ರಲ್ಲಿ ಹೈಕೋರ್ಟ್ ಆ ಅಧಿಕಾರ ಸಂವಿಧಾನಕ್ಕೆ ವಿರುದ್ಧವೆಂದು ಹೇಳಿತು. 2000ದ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅರೆ-ನ್ಯಾಯಾಂಗ ಸಂಸ್ಥೆಯೊಂದು ನೀಡಿದ ತೀರ್ಮಾನದ ಮೇಲೆ ಕಾರ್ಯಾಂಗ ಮೇಲ್ಮನವಿ ಪ್ರಾಧಿಕಾರದಂತೆ ಕೂರಲಾಗದು ಎಂಬುದು ಅದರ ಸಾರ. 2023ರ ತಿದ್ದುಪಡಿ ಕಾಯಿದೆಯಲ್ಲಿ ಈ ಅಧಿಕಾರವನ್ನು ಪುಸ್ತಕದಿಂದಲೂ ತೆಗೆಯಲಾಯಿತು.

ಇಲ್ಲೊಂದು ಉಪಕಥೆ ಹೇಳದಿದ್ದರೆ ಲೇಖನ ಅಪೂರ್ಣ. ಮಂಡ್ಯದಿಂದ ಲೋಕಸಭೆಗೆ ಮೂರು ಬಾರಿ ಆಯ್ಕೆಯಾದ ಅಂಬರೀಶ್, 2006ರಲ್ಲಿ ಕೇಂದ್ರ ಸಚಿವ ಸಂಪುಟದಲ್ಲಿ ರಾಜ್ಯ ಸಚಿವರಾದರು. ಖಾತೆ ಯಾವುದು? ವಾರ್ತಾ ಮತ್ತು ಪ್ರಸಾರ. ಸೆನ್ಸಾರ್ ಮಂಡಳಿ ಬರುವುದು ಆ ಸಚಿವಾಲಯದ ಅಡಿಯಲ್ಲಿಯೇ. ಕಾಲು ಶತಮಾನದ ಹಿಂದೆ ಯಾವ ಸಚಿವಾಲಯ ಕಥೆಯ ಹಿಂದಿ ರೂಪಕ್ಕೆ ತಡೆಯೊಡ್ಡಿತ್ತೋ ಅದರ ಕುರ್ಚಿಯಲ್ಲಿ ಕನ್ವರ್‌ಲಾಲ್ ಬಂದು ಕುಳಿತ. ಹೆಚ್ಚು ಕಾಲವೇನೂ ಕೂರಲಿಲ್ಲ. ಕಾವೇರಿ ನ್ಯಾಯಮಂಡಳಿಯ 2007ರ ತೀರ್ಪನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು.

ಪಶ್ಚಿಮದ ಬಡಾವಣೆಗಳಲ್ಲಿ

‘ಅಂತ’ವನ್ನು ಇಡೀ ಕರ್ನಾಟಕವೇ ನೋಡಿತು. ಆದರೂ ಬೆಂಗಳೂರಿನ ಪಶ್ಚಿಮ ಭಾಗಕ್ಕೂ ಈ ಚಿತ್ರಕ್ಕೂ ಒಂದು ಹೆಚ್ಚಿನ ನಂಟಿದೆ ಎನ್ನಲು ಕಾರಣಗಳುಂಟು.

ರಾಜಾಜಿನಗರ 1949ರಲ್ಲಿ ಕೈಗಾರಿಕಾ ಉಪನಗರವೆಂದೇ ರೂಪುಗೊಂಡದ್ದು. ಅಂದಿನ ಗವರ್ನರ್ ಜನರಲ್ ರಾಜಾಜಿಯವರ ಹೆಸರನ್ನು ಹೊತ್ತ ಈ ಬಡಾವಣೆಯಲ್ಲಿ ಕಾರ್ಖಾನೆಗಳು, ಅವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ವರ್ಕ್‌ಶಾಪುಗಳು, ಕಾರ್ಮಿಕರ ಮನೆಗಳು ಒತ್ತೊತ್ತಾಗಿ ಬೆಳೆದವು. ಮಾಗಡಿ ರಸ್ತೆಯ ಆಚೀಚೆ ಬಿನ್ನಿ ಮಿಲ್ಲಿನ ಕಾರ್ಮಿಕರು. ಮುಂದೆ ಬಂದ ವಿಜಯನಗರ, ಬಸವೇಶ್ವರನಗರಗಳಲ್ಲಿ ಸರ್ಕಾರಿ ನೌಕರರು, ಗುಮಾಸ್ತರು, ಸಣ್ಣ ವ್ಯಾಪಾರಿಗಳು. ಮೈಸೂರು ರಸ್ತೆ, ಮಾಗಡಿ ರಸ್ತೆ, ತುಮಕೂರು ರಸ್ತೆಗಳಿಂದ ನಗರಕ್ಕೆ ಕಾಲಿಟ್ಟ ಮಂಡ್ಯ, ರಾಮನಗರ, ಮಾಗಡಿ, ಕುಣಿಗಲ್ ಕಡೆಯ ಜನ ಮೊದಲು ಮನೆ ಹುಡುಕಿದ್ದು ಇಲ್ಲಿಯೇ. ಕೆಂಗೇರಿ ಅಂದು ಬೇರೆಯದೇ ಊರು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಅದು ಸೇರಿಕೊಂಡದ್ದು 2007ರಲ್ಲಿ. ಅದೇ ರಸ್ತೆಯಲ್ಲಿ ಮುಂದೆ ಸಾಗಿದರೆ ಬಿಡದಿ, ರಾಮನಗರ, ಚನ್ನಪಟ್ಟಣ ದಾಟಿ ಮದ್ದೂರು. ಅಂಬರೀಶ್ ಈ ಜನಕ್ಕೆ ತಮ್ಮ ಕಡೆಯ ಹುಡುಗ. ಅವರು ಆಡುವ ಕನ್ನಡದ ಒರಟು ಈ ಬೀದಿಗಳ ಮನೆಮಾತಿನ ಒರಟೇ ಆಗಿತ್ತು.

ಮೊದಲ ಬಿಡುಗಡೆಯ ವೈಭವ ಕೆಂಪೇಗೌಡ ರಸ್ತೆ, ಗಾಂಧಿನಗರದ ಚಿತ್ರಮಂದಿರಗಳಿಗೆ ಸೇರಿದ್ದು. ಹಳೆಯ ಚಿತ್ರವೊಂದು ಬಾಳುವುದು ಎರಡನೆಯ, ಮೂರನೆಯ ಸುತ್ತಿನಲ್ಲಿ. ಸಿನಿಮಾ ಡಬ್ಬಗಳು ಬಡಾವಣೆಯ ಟಾಕೀಸುಗಳಿಗೆ, ಅಲ್ಲಿಂದ ಹೊರವಲಯದ ಟೆಂಟುಗಳಿಗೆ ಹೋಗುತ್ತಿದ್ದ ಕಾಲ ಅದು. ಪ್ರತಿ ಪ್ರದರ್ಶನಕ್ಕೂ ಪ್ರಿಂಟು ಸವೆಯುತ್ತಿತ್ತು, ತುಂಡಾದಲ್ಲಿ ಅಂಟು ಹಾಕುತ್ತಿದ್ದರು, ನಾಲ್ಕಾರು ಚೌಕಟ್ಟು ಮಾಯವಾಗುತ್ತಿದ್ದವು. ಮೆಚ್ಚಿನ ಮಾತು ಅರ್ಧಕ್ಕೆ ನುಂಗಿಹೋದರೆ ಜನ ಅದನ್ನು ತಾವೇ ಪೂರ್ತಿ ಮಾಡುತ್ತಿದ್ದರು. ಪೂರ್ತಿ ಹೆಸರು ಹೇಳೆಂಬ ಸಂಭಾಷಣೆಗೆ ಇದಕ್ಕಿಂತ ತಕ್ಕ ಗೌರವ ಇನ್ನೇನಿದ್ದೀತು!

ರಾಜಾಜಿನಗರದ ನವರಂಗ್ ಚಿತ್ರಮಂದಿರ ಕೆ.ಸಿ.ಎನ್. ಗೌಡರು ಕಟ್ಟಿಸಿದ್ದು. ಬಡಾವಣೆಯ ವೃತ್ತಕ್ಕೇ ಅದರ ಹೆಸರು ಬಂದುಬಿಟ್ಟಿದೆ. ಬಸ್ಸಿನಲ್ಲಿ ‘ನವರಂಗ್ ಒಂದು’ ಎಂದು ಟಿಕೇಟು ಕೇಳುವವರೆಲ್ಲ ಸಿನಿಮಾಗೆ ಹೊರಟವರಲ್ಲ. ಮಾಗಡಿ ರಸ್ತೆಯಲ್ಲಿ ಪ್ರಸನ್ನ, ವೀರೇಶ್, ಅಂಜನ್ ಚಿತ್ರಮಂದಿರಗಳು. ಎರಡನೇ ಪಾಳಿ ಮುಗಿಸಿದವರು ಮನೆಗೆ, ಮೊದಲ ಪಾಳಿ ಮುಗಿಸಿದವರು ಫಸ್ಟ್ ಷೋಗೆ ಎಂಬ ದಿನಚರಿ ಈ ಭಾಗದಲ್ಲಿ ಎಷ್ಟೋ ವರ್ಷ ನಡೆಯಿತು. ಹಿಂದೆ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯಿದ್ದ ನೆಲದಲ್ಲಿ 2012ರಲ್ಲಿ ಒರಾಯನ್ ಮಾಲ್ ತೆರೆಯಿತು. ಸಿನಿಮಾ ಅಲ್ಲಿಯೂ ಇದೆ, ಆದರೆ ಗಾಂಧಿ ಕ್ಲಾಸ್ ಇಲ್ಲ.

1994ರಲ್ಲಿ ಉದಯ ಟಿವಿ ಆರಂಭವಾದ ಮೇಲೆ ಹಳೆಯ ಚಿತ್ರಗಳಿಗೆಲ್ಲ ಮರುಜನ್ಮ ಬಂದಿತು. ಚಿತ್ರಮಂದಿರದಲ್ಲಿ ‘ಅಂತ’ವನ್ನು ಕಾಣದ ಮಕ್ಕಳು ಮನೆಯ ಹಜಾರದಲ್ಲಿ ಅದನ್ನು ಕಂಡರು. ಉಗುರಿನ ದೃಶ್ಯ ಬಂದಾಗ ಮಕ್ಕಳ ಕಣ್ಣು ಮುಚ್ಚಿಸುವುದು ಅಜ್ಜಿಯರ ಕೆಲಸವಾಯಿತು. ಗಣೇಶೋತ್ಸವ, ಅಣ್ಣಮ್ಮ ದೇವಿಯ ಉತ್ಸವಗಳ ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಮಿಮಿಕ್ರಿ ಕಲಾವಿದ ಅಂಬರೀಶರ ದನಿ ತೆಗೆಯದೆ ಇಳಿಯುವಂತಿರಲಿಲ್ಲ. ಸ್ವತಃ ಅಂಬರೀಶ್ ಚುನಾವಣೆಯ ವೇದಿಕೆ ಹತ್ತಿದಾಗಲೂ ಜನ ಕೇಳುತ್ತಿದ್ದುದು ಅದೇ ಮಾತನ್ನು.

ಏಕೆ ಕನ್ವರ್‌ಲಾಲ್?

ಮತ್ತೆ ಆರಂಭದ ಪ್ರಶ್ನೆಗೆ ಬರೋಣ. ನೊಂದವನನ್ನು ಬಿಟ್ಟು ನೋಯಿಸುವವನನ್ನು ಜನ ಏಕೆ ಮೆಚ್ಚಿದರು? ಸುಲಭದ ಉತ್ತರವೆಂದರೆ ಗತ್ತು. ಸುಶೀಲನಿಗೆ ಕಷ್ಟವಿದೆ, ಕನ್ವರ್‌ಲಾಲನಿಗೆ ಗತ್ತಿದೆ.

ಇನ್ನೊಂದು ಉತ್ತರವೂ ಸಾಧ್ಯ. ದಿನವಿಡೀ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ತನ್ನ ಹೆಸರನ್ನು ಅರ್ಧಕ್ಕೆ ಕರೆಸಿಕೊಂಡವನು, ಏಕವಚನದಲ್ಲಿ ಗದರಿಸಿಕೊಂಡವನು, ಟೋಕನ್ ಸಂಖ್ಯೆಯಾಗಿ ಉಳಿದವನು ಸಂಜೆ ಚಿತ್ರಮಂದಿರಕ್ಕೆ ಬರುತ್ತಾನೆ. ತೆರೆಯ ಮೇಲೊಬ್ಬ ತನ್ನ ಹೆಸರನ್ನು ಪೂರ್ತಿಯಾಗಿ, ತಗ್ಗಿದ ತಲೆಯಿಂದ ಹೇಳಿಸುತ್ತಾನೆ. ಅವನು ಪಾತಕಿಯೋ ಸಜ್ಜನನೋ ಎಂಬ ಲೆಕ್ಕ ಆ ಕ್ಷಣದಲ್ಲಿ ಬರುವುದಿಲ್ಲ. ಸುಶೀಲ್ ಕುಮಾರನ ಪ್ರತೀಕಾರ ಚಿತ್ರದ ಕೊನೆಗೆ ಬರುವಂಥದು, ರಕ್ತ ಕೇಳುವಂಥದು. ಕನ್ವರ್‌ಲಾಲ್ ಕೇಳಿದ್ದು ಮರ್ಯಾದೆಯನ್ನು ಮಾತ್ರ. ಎರಡನೆಯದು ಬೀದಿಯಲ್ಲಿ ನಡೆದು ಹೋಗುವವನಿಗೂ ಎಟುಕುವ ಕನಸು.

ಹಾಗೆಂದು ‘ಅಂತ’ದ ಮೇಲಿನ ಪ್ರೀತಿ ಪೂರ್ತಿ ನಿರಪಾಯವಾದದ್ದಲ್ಲ. 2019ರ ಡಿಸೆಂಬರಿನಲ್ಲಿ ಹೈದರಾಬಾದ್ ಬಳಿ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದಾಗ ಜನ ಪೊಲೀಸರ ಮೇಲೆ ಹೂವು ಎರಚಿದರು. ನಮ್ಮಲ್ಲೂ ಸಿಹಿ ಹಂಚಿದವರಿದ್ದರು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂದಾಗ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತೆಂದು ಅದು ಹೇಳಿತ್ತು. ಸತ್ತವರಲ್ಲಿ ಮೂವರು ಘಟನೆಯ ವೇಳೆಗೆ ಅಪ್ರಾಪ್ತರೆಂದೂ ಹೇಳಿತ್ತು. ಆ ಹೂವಿನ ಹಿಂದೆ ನಲವತ್ತು ವರ್ಷದ ಸಿನಿಮಾ ಶಿಳ್ಳೆಯೂ ಇತ್ತೆಂಬುದನ್ನು ಅಲ್ಲಗಳೆಯುವುದು ಕಷ್ಟ.

‘ಅಂತ’ದ ಪರವಾಗಿ ಒಂದು ಮಾತು ಹೇಳಲೇಬೇಕು. ಸುಶೀಲ್ ಕುಮಾರ್ ಬಂದೂಕು ತಿರುಗಿಸಿದ್ದು ಮೇಲಿರುವವರ ಕಡೆಗೆ. ಕೋಳ ತೊಟ್ಟು ಕುಳಿತ ದಿಕ್ಕಿಲ್ಲದವನನ್ನು ನಟ್ಟಿರುಳಿನಲ್ಲಿ ಮೈದಾನಕ್ಕೆ ಕರೆದೊಯ್ದು ಕೊಲ್ಲುವವನು ಅವನಲ್ಲ. ಅಂದು ಅಧಿಕಾರಸ್ಥರು ಕೆರಳಿದ್ದೂ ಅದಕ್ಕೆ. ಮುಂದಿನ ಪೊಲೀಸ್ ಚಿತ್ರಗಳು ಕೋಪವನ್ನು ಉಳಿಸಿಕೊಂಡು ಗುರಿಯನ್ನು ಕೆಳಕ್ಕೆ ಇಳಿಸಿದವು.

ನಂತರದ ಚಿತ್ರಗಳು

‘ಅಂತ’ದ ಯಶಸ್ಸಿನ ಬೆನ್ನಿಗೆ ಇದೇ ಜಾಡಿನ ಚಿತ್ರಗಳು ಸಾಲುಗಟ್ಟಿದವು. 1982ರಲ್ಲಿ ಶಂಕರನಾಗ್ ಅಭಿನಯದ ‘ನ್ಯಾಯ ಎಲ್ಲಿದೆ’ ಬಂದಿತು. ಇದು ತಮಿಳಿನ ‘ಸಟ್ಟಂ ಒರು ಇರುಟ್ಟರೈ’ಯ ರೂಪಾಂತರ. ಅದೇ ವರ್ಷದ ‘ಸಾಹಸಸಿಂಹ’ ವಿಷ್ಣುವರ್ಧನರಿಗೆ ಬಿರುದನ್ನೇ ಕೊಟ್ಟಿತು. ಅಂಬರೀಶರದೇ ‘ಚಕ್ರವ್ಯೂಹ’ (1983) ಒಂದು ಹೆಜ್ಜೆ ಮುಂದೆ ಹೋಗಿ, ರಾಜಕಾರಣಕ್ಕಿಳಿದ ನಾಯಕ ಭ್ರಷ್ಟ ಕೂಟವನ್ನೇ ಒಟ್ಟಿಗೆ ಮುಗಿಸುವಂತೆ ಮಾಡಿತು. ಎನ್. ವೀರಾಸ್ವಾಮಿ ನಿರ್ಮಾಣದ ಈ ಕಥೆ ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ಅವರ ‘ಇನ್‌ಕ್ವಿಲಾಬ್’ (1984) ಆಯಿತು. ಕನ್ನಡದಿಂದ ಮುಂಬಯಿಗೆ ಕಥೆ ಹೋಗುತ್ತಿದ್ದ ದಿನಗಳೂ ಇದ್ದವು ಎಂಬುದನ್ನು ಹೊಸ ತಲೆಮಾರು ತಿಳಿದಿರಲಿ. 1995ರಲ್ಲಿ ರಾಜೇಂದ್ರಸಿಂಗ್ ಬಾಬು ಮತ್ತು ಅಂಬರೀಶ್ ‘ಆಪರೇಷನ್ ಅಂತ’ದಲ್ಲಿ ಮತ್ತೆ ಒಂದಾದರು. ಮೂಲದ ಕಾವು ಅದರಲ್ಲಿಲ್ಲ, ಹೆಚ್ಚು ಹೇಳಬೇಕಾದದ್ದೂ ಇಲ್ಲ.

ಅಂಬರೀಶ್ 2018ರ ನವೆಂಬರ್ 24ರಂದು ನಿಧನರಾದರು. ಪಾರ್ಥಿವ ಶರೀರವನ್ನು ಮಂಡ್ಯಕ್ಕೆ ಕೊಂಡೊಯ್ದು ಅಂತಿಮ ದರ್ಶನಕ್ಕಿರಿಸಿ, ಮತ್ತೆ ಬೆಂಗಳೂರಿಗೆ ತಂದು ನವೆಂಬರ್ 26ರಂದು ಕಂಠೀರವ ಸ್ಟುಡಿಯೋದಲ್ಲಿ ಅಂತ್ಯಕ್ರಿಯೆ ನಡೆಸಲಾಯಿತು. ರಾಜಾಜಿನಗರದಿಂದ ಮಹಾಲಕ್ಷ್ಮಿ ಬಡಾವಣೆ ದಾಟಿ ನಂದಿನಿ ಬಡಾವಣೆಯತ್ತ ಹೋದರೆ ಆ ಸ್ಟುಡಿಯೋ ಸಿಗುತ್ತದೆ. ರಾಜಕುಮಾರ್, ಪಾರ್ವತಮ್ಮ, ಪುನೀತ್ ಅವರ ಸಮಾಧಿಗಳೂ ಅಲ್ಲಿಯೇ ಇವೆ. ಅಂಬರೀಶ್ ಸ್ಮಾರಕ 2023ರ ಮಾರ್ಚ್ 27ರಂದು ಉದ್ಘಾಟನೆಯಾಯಿತು.

ಚಿತ್ರವನ್ನು ಮೊದಲ ಬಾರಿ ನೋಡಹೊರಟವರಿಗೆ ಒಂದೆರಡು ಸೂಚನೆಗಳು. ಅಂತರಜಾಲದಲ್ಲಿ ಹರಿದಾಡುವ ತುಣುಕುಗಳಿಂದ ಆರಂಭಿಸಬೇಡಿ. ಅವುಗಳಲ್ಲಿ ಕನ್ವರ್‌ಲಾಲನ ಗತ್ತು ಮಾತ್ರ ಇರುತ್ತದೆ, ಅದರ ಅಡಿಯಲ್ಲಿ ಬೆವರುತ್ತಿರುವ ಸುಶೀಲ ಕಾಣುವುದಿಲ್ಲ. ಆರಂಭದ ಸಂಸಾರದ ದೃಶ್ಯಗಳನ್ನು ಓಡಿಸದೆ ನೋಡಿ, ಲಕ್ಷ್ಮಿಯವರಿಗೆ ಸಿಕ್ಕಿರುವುದು ಅಷ್ಟೇ ಜಾಗ. ಚಿತ್ರಹಿಂಸೆಯ ಭಾಗ ಬರುವಾಗ ಮಕ್ಕಳು ಪಕ್ಕದ ಕೋಣೆಯಲ್ಲಿರಲಿ. ಮನೆಯಲ್ಲಿ ಎಂಬತ್ತರ ದಶಕದಲ್ಲಿ ಹರೆಯದಲ್ಲಿದ್ದ ಹಿರಿಯರಿದ್ದರೆ ಜೊತೆಗೆ ಕೂರಿಸಿಕೊಳ್ಳಿ. ಪೂರ್ತಿ ಹೆಸರಿನ ಆ ಮಾತು ತೆರೆಯಿಂದ ಬರುವುದಕ್ಕೆ ಮೊದಲೇ ಅವರ ಬಾಯಿಂದ ಬರುತ್ತದೆ.